ಸಾಲವೇ ಉದ್ಯಮವಲ್ಲ: ಬಡತನ ನಿವಾರಣೆಯಲ್ಲಿ ಕಿರು ಉದ್ಯಮ ಮತ್ತು ಗ್ರಾಮ ಪಂಚಾಯಿತಿಯ ಹೊಣೆ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಗ್ರಾಮ ಸಭೆಯಲ್ಲಿ ಫಲಾನುಭವಿಗಳ ಆಯ್ಕೆ ನಡೆಯುವ ದಿನ ಸಭಾಂಗಣ ತುಂಬಿರುತ್ತದೆ. ಹಸು, ಕುರಿ, ಹೊಲಿಗೆ ಯಂತ್ರ, ಅಂಗಡಿಗೆ ಸಹಾಯಧನ, ಸಂಘದ ಸಾಲ ಹೀಗೆ ಅರ್ಜಿಗಳ ಪಟ್ಟಿ ಬೆಳೆಯುತ್ತದೆ. ಹೆಸರುಗಳು ಅಂತಿಮಗೊಂಡು, ನಡವಳಿ ಪುಸ್ತಕದಲ್ಲಿ ಠರಾವು ಬರೆದು, ಸಹಿಯಾದ ಕೂಡಲೇ ಕೆಲಸ ಮುಗಿಯಿತೆಂಬ ಭಾವನೆ ಮೂಡುತ್ತದೆ. ಆದರೆ ಎರಡು ವರ್ಷ ಕಳೆದ ಮೇಲೆ ಆ ಹಸು ಯಾರ ಕೊಟ್ಟಿಗೆಯಲ್ಲಿದೆ, ಆ ಹೊಲಿಗೆ ಯಂತ್ರ ನಡೆಯುತ್ತಿದೆಯೇ ಅಥವಾ ಅಟ್ಟ ಸೇರಿದೆಯೇ ಎಂಬ ಪ್ರಶ್ನೆ ಸಭೆಯ ಮುಂದೆ ಬರುವುದು ವಿರಳ. ಬಡ ಕುಟುಂಬವೊಂದು ಸ್ವಂತ ಉದ್ಯಮದ ಬಲದಿಂದ ಬಡತನವನ್ನು ದಾಟಿತೇ ಇಲ್ಲವೇ ಎಂಬುದಕ್ಕೆ ಉತ್ತರವಿರುವುದು ಮಾತ್ರ ಆ ಪ್ರಶ್ನೆಯಲ್ಲಿಯೇ. ಇಂದಿನ ಉಪನ್ಯಾಸದ ವಿಷಯವೂ ಅದೇ ಆಗಿದೆ.

ಬಡವರಲ್ಲಿ ಉದ್ಯಮಶೀಲತೆ ಇಲ್ಲವೇ?

ಬಡವರಿಗೆ ಉದ್ಯಮಶೀಲತೆಯನ್ನು ಕಲಿಸಬೇಕು ಎಂಬ ಮಾತು ಸಾಮಾನ್ಯವಾಗಿ ಕೇಳಿಬರುತ್ತದೆ. ವಾಸ್ತವ ಸ್ಥಿತಿ ಬೇರೆ. ನಸುಕಿನಲ್ಲಿ ಹೂವು ಕಟ್ಟಿ ಬಸ್ ನಿಲ್ದಾಣದಲ್ಲಿ ಮಾರುವವರು, ಸಂತೆಯಲ್ಲಿ ಸೊಪ್ಪಿನ ಕಟ್ಟು ಹರಡಿ ಕೂರುವವರು, ರೊಟ್ಟಿ ಬಡಿದು ಖಾನಾವಳಿಗೆ ಕೊಡುವವರು, ನಾಲ್ಕು ಆಡು ಸಾಕಿ ಹಬ್ಬಕ್ಕೆ ಮಾರುವವರು ಎಲ್ಲರೂ ಉದ್ಯಮಿಗಳೇ. ಬಂಡವಾಳ ಹೂಡುತ್ತಾರೆ, ನಷ್ಟದ ಭಯ ಹೊರುತ್ತಾರೆ, ಬೆಲೆ ಲೆಕ್ಕ ಹಾಕುತ್ತಾರೆ. ಕೊರತೆಯಿರುವುದು ದುಡಿಮೆಯಲ್ಲಲ್ಲ. ದುಡಿಮೆಯ ಫಲ ಕೈಯಲ್ಲಿ ಉಳಿಯುವುದಿಲ್ಲ ಎಂಬುದೇ ನಿಜವಾದ ತೊಡಕು.

ಇದನ್ನು ಜಗತ್ತಿನ ಗಮನಕ್ಕೆ ತಂದದ್ದು ಬಾಂಗ್ಲಾದೇಶದ ಚಿತ್ತಗಾಂಗ್ ಸಮೀಪದ ಜೋಬ್ರಾ ಎಂಬ ಹಳ್ಳಿ. 1976ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ಪ್ರಾಧ್ಯಾಪಕ ಮಹಮ್ಮದ್ ಯೂನುಸ್ ಅವರು ಬಿದಿರಿನ ಮೊಣೆ ಹೆಣೆಯುವ ಮಹಿಳೆಯೊಬ್ಬರನ್ನು ಕಂಡರು. ಬಿದಿರು ಕೊಳ್ಳಲು ಆಕೆಯ ಬಳಿ ಹಣವಿರಲಿಲ್ಲ. ವ್ಯಾಪಾರಿಯೇ ಬಿದಿರು ಕೊಡುತ್ತಿದ್ದ, ಮೊಣೆಯನ್ನು ಅವನಿಗೇ, ಅವನು ಹೇಳಿದ ಬೆಲೆಗೇ ಮಾರಬೇಕಿತ್ತು. ದಿನವಿಡೀ ಹೆಣೆದರೂ ಉಳಿಯುತ್ತಿದ್ದುದು ಕೆಲವೇ ಪೈಸೆ. ಅದೇ ಹಳ್ಳಿಯಲ್ಲಿ ಇಂತಹ ಕಟ್ಟಿಗೆ ಸಿಲುಕಿದ್ದ 42 ಮಂದಿಯನ್ನು ಬಿಡಿಸಲು ಒಟ್ಟು 27 ಡಾಲರ್‌ಗಳಷ್ಟು ಹಣ ಸಾಕಾಯಿತು. ಈ ಸಣ್ಣ ಪ್ರಯೋಗ 1983ರಲ್ಲಿ ಗ್ರಾಮೀಣ್ ಬ್ಯಾಂಕ್ ಆಯಿತು. 2006ರಲ್ಲಿ ಯೂನುಸ್ ಅವರಿಗೂ ಬ್ಯಾಂಕಿಗೂ ನೊಬೆಲ್ ಶಾಂತಿ ಪ್ರಶಸ್ತಿ ದೊರೆಯಿತು.

ಕರ್ನಾಟಕಕ್ಕೂ ತನ್ನದೇ ಆದ ಚರಿತ್ರೆಯಿದೆ. 1980ರ ದಶಕದಲ್ಲಿ ಕೋಲಾರ ಭಾಗದಲ್ಲಿ ಮೈರಾಡ ಸಂಸ್ಥೆಯು ಬೆಳೆಸಿದ ಸಣ್ಣ ಸಣ್ಣ ಉಳಿತಾಯ ಗುಂಪುಗಳ ಅನುಭವವು, 1992ರಲ್ಲಿ ನಬಾರ್ಡ್ ಆರಂಭಿಸಿದ ಸ್ವಸಹಾಯ ಸಂಘ ಮತ್ತು ಬ್ಯಾಂಕ್ ಜೋಡಣೆಯ ಕಾರ್ಯಕ್ರಮಕ್ಕೆ ಒಂದು ಮುಖ್ಯ ಆಧಾರವಾಯಿತು. ಇಂದು ಪ್ರತಿ ಹಳ್ಳಿಯಲ್ಲಿ ಕಾಣುವ ಸಂಘಗಳ ಬೇರು ಅಲ್ಲಿದೆ.

ಸಾಲ ಎಲ್ಲಿಯವರೆಗೆ ಕೊಂಡೊಯ್ಯಬಲ್ಲದು?

ಈ ಯಶಸ್ಸುಗಳಿಂದ ಒಂದು ಅವಸರದ ತೀರ್ಮಾನ ಹುಟ್ಟಿತು. ಬಡವರಿಗೆ ಸಾಲ ಸಿಕ್ಕರೆ ಉದ್ಯಮ ತಾನಾಗಿಯೇ ಬೆಳೆದು ಬಡತನ ನೀಗುತ್ತದೆ ಎಂಬುದೇ ಆ ತೀರ್ಮಾನ. ಅದನ್ನು ಪರೀಕ್ಷಿಸಿದ ಆರು ಅಧ್ಯಯನಗಳು 2015ರಲ್ಲಿ ಒಟ್ಟಿಗೆ ಪ್ರಕಟವಾದವು. ಬೋಸ್ನಿಯಾ, ಇಥಿಯೋಪಿಯ, ಮೆಕ್ಸಿಕೊ, ಮಂಗೋಲಿಯಾ, ಮೊರಾಕೊ ಮತ್ತು ಭಾರತದಲ್ಲಿ ಅವು ನಡೆದಿದ್ದವು. ಭಾರತದ ಅಧ್ಯಯನ ನಡೆದದ್ದು ಹೈದರಾಬಾದ್ ನಗರದ 104 ಬಡಾವಣೆಗಳಲ್ಲಿ. ಅದನ್ನು ನಡೆಸಿದವರಲ್ಲಿ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ ಅವರೂ ಇದ್ದರು. ಇವರಿಬ್ಬರು 2019ರಲ್ಲಿ ಮೈಕೆಲ್ ಕ್ರೆಮರ್ ಅವರೊಂದಿಗೆ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರ ಪಡೆದರು.

ಆರು ದೇಶಗಳ ಫಲಿತಾಂಶಗಳ ಸಾರ ಹೆಚ್ಚುಕಡಿಮೆ ಒಂದೇ ಆಗಿತ್ತು. ಕಿರು ಸಾಲದಿಂದ ಕೆಲವರಿಗೆ ಅನುಕೂಲವಾಯಿತು. ಮೊದಲೇ ವ್ಯಾಪಾರ ನಡೆಸುತ್ತಿದ್ದವರು ಅದನ್ನು ಸ್ವಲ್ಪ ಹಿಗ್ಗಿಸಿದರು. ಆದರೆ ಸರಾಸರಿ ಕುಟುಂಬದ ಆದಾಯದಲ್ಲಾಗಲಿ, ಖರ್ಚು ಮಾಡುವ ಶಕ್ತಿಯಲ್ಲಾಗಲಿ ಬದುಕನ್ನೇ ಬದಲಿಸುವಷ್ಟು ಏರಿಕೆ ಕಂಡುಬರಲಿಲ್ಲ.

ಇದರ ಕಾರಣ ತಿಳಿಯಲು ಒಂದು ಸರಳ ಉದಾಹರಣೆ ಸಾಕು. ಕೂಲಿಯನ್ನೇ ನಂಬಿದ ಕುಟುಂಬವೊಂದು ವಾರದ ಕಂತಿನ ಸಾಲ ಪಡೆದು ಮಿಶ್ರತಳಿ ಹಸುವೊಂದನ್ನು ಕೊಂಡಿತು ಎಂದುಕೊಳ್ಳಬಹುದು. ಕಂತು ಬಹುತೇಕ ಮರುವಾರದಿಂದಲೇ ಆರಂಭ. ಹಾಲಿರುವಷ್ಟು ದಿನ ಡೇರಿಯ ಬಟವಾಡೆಯಿಂದ ಕಂತು ಸಲ್ಲುತ್ತದೆ. ಹಸು ಗಬ್ಬವಾಗಿ, ಕರು ಹಾಕುವ ಮುಂಚಿನ ಸುಮಾರು ಎರಡು ತಿಂಗಳು ಹಾಲು ಬತ್ತುತ್ತದೆ. ಹಾಲು ನಿಂತರೂ ಹಿಂಡಿ, ಮೇವಿನ ಖರ್ಚು ನಿಲ್ಲುವುದಿಲ್ಲ, ಕಂತೂ ನಿಲ್ಲುವುದಿಲ್ಲ. ಆ ನಡುವೆ ಮನೆಯಲ್ಲಿ ಒಬ್ಬರು ಆಸ್ಪತ್ರೆ ಸೇರಿದರೆ ಕುಟುಂಬದ ಮುಂದೆ ಎರಡೇ ದಾರಿ: ಹಸುವನ್ನು ಸಿಕ್ಕ ಬೆಲೆಗೆ ಮಾರುವುದು, ಇಲ್ಲವೇ ಮೊದಲ ಸಾಲ ತೀರಿಸಲು ಎರಡನೆಯ ಸಾಲ ಮಾಡುವುದು. ಎರಡರಲ್ಲಿಯೂ ಉದ್ಯಮ ಉಳಿಯುವುದಿಲ್ಲ, ಸಾಲ ಉಳಿಯುತ್ತದೆ.

ಇಂತಹ ಸಾಲಗಳು ಒಂದರ ಮೇಲೊಂದು ಬಿದ್ದಾಗ ಏನಾಗುತ್ತದೆ ಎಂಬುದನ್ನು 2010ರಲ್ಲಿ ಅವಿಭಜಿತ ಆಂಧ್ರಪ್ರದೇಶ ಕಂಡಿತು. ವಸೂಲಿಯ ಕಿರುಕುಳದ ದೂರುಗಳ ಹಿನ್ನೆಲೆಯಲ್ಲಿ ಅಲ್ಲಿನ ಸರ್ಕಾರ ಆ ವರ್ಷದ ಅಕ್ಟೋಬರ್‌ನಲ್ಲಿ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ಕರ್ನಾಟಕದಲ್ಲಿಯೂ ಕಿರು ಸಾಲದ ಬಲವಂತದ ವಸೂಲಿಯಿಂದ ನೊಂದವರು ಊರು ಬಿಟ್ಟ, ಜೀವ ಕಳೆದುಕೊಂಡ ವರದಿಗಳು ಬಂದವು. 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಬಲವಂತದ ಕ್ರಮಗಳನ್ನು ತಡೆಯುವ ಸುಗ್ರೀವಾಜ್ಞೆ ಹೊರಡಿಸಿತು. 10 ವರ್ಷಗಳವರೆಗಿನ ಸೆರೆವಾಸ ಮತ್ತು 5 ಲಕ್ಷ ರೂ. ವರೆಗಿನ ದಂಡಕ್ಕೆ ಅದರಲ್ಲಿ ಅವಕಾಶವಿತ್ತು. ಕಾನೂನು ಕಿರುಕುಳವನ್ನು ತಡೆಯಬಲ್ಲದು. ಕುಟುಂಬವೊಂದು ತಪ್ಪು ಹೊತ್ತಿನಲ್ಲಿ, ತಪ್ಪು ರೀತಿಯ ಸಾಲಕ್ಕೆ ಕೈಚಾಚುವುದನ್ನು ತಡೆಯುವ ಕೆಲಸ ಊರಿನಲ್ಲಿಯೇ ನಡೆಯಬೇಕಾಗುತ್ತದೆ.

ಬಾಂಗ್ಲಾದೇಶದ ಎರಡನೆಯ ಪಾಠ

ಕಿರು ಸಾಲದ ತವರಿನಲ್ಲಿಯೇ ಅದರ ಮಿತಿಯನ್ನು ಮೊದಲು ಗುರುತಿಸಲಾಯಿತು ಎಂಬುದು ಗಮನಾರ್ಹ. ಫಜ್ಲೆ ಹಸನ್ ಅಬೇದ್ ಅವರು 1972ರಲ್ಲಿ ಸ್ಥಾಪಿಸಿದ ಬ್ರಾಕ್ ಸಂಸ್ಥೆಯು ತಾನೇ ದೊಡ್ಡ ಪ್ರಮಾಣದಲ್ಲಿ ಕಿರು ಸಾಲ ನೀಡುತ್ತಿತ್ತು. ಅತಿ ಬಡವರು ಮಾತ್ರ ಗುಂಪಿಗೆ ಸೇರುತ್ತಲೇ ಇರಲಿಲ್ಲ. ಸೇರಲು ಅವರಿಗೆ ಹೆದರಿಕೆ. ಸೇರಿಸಿಕೊಳ್ಳಲು ಉಳಿದ ಸದಸ್ಯರಿಗೂ ಹಿಂಜರಿಕೆ. ಈ ಕುಟುಂಬಗಳಿಗಾಗಿ ಸಂಸ್ಥೆಯು 2002ರಲ್ಲಿ ಬೇರೆಯೇ ಒಂದು ಕಾರ್ಯಕ್ರಮ ಆರಂಭಿಸಿತು.

ಆ ಕಾರ್ಯಕ್ರಮದ ಕ್ರಮ ಹೀಗಿತ್ತು. ಮೊದಲು ಊರಿನವರೇ ಒಂದೆಡೆ ಸೇರಿ, ಪ್ರತಿ ಮನೆಯ ಸ್ಥಿತಿಗತಿಯನ್ನು ಚರ್ಚಿಸಿ, ಅತ್ಯಂತ ಬಡ ಮನೆಗಳನ್ನು ಗುರುತಿಸುತ್ತಿದ್ದರು. ಬಳಿಕ ಆ ಮನೆಯ ಮಹಿಳೆಗೆ ಸಾಲದ ಬದಲು ಹಸು, ಆಡು ಅಥವಾ ಸಣ್ಣ ವ್ಯಾಪಾರದ ಸರಕನ್ನೇ ನೀಡಲಾಗುತ್ತಿತ್ತು. ಆದಾಯ ಆರಂಭವಾಗುವವರೆಗೆ ಅದನ್ನು ಮಾರದೆ ಬದುಕಲು ಸಣ್ಣ ಮೊತ್ತದ ಜೀವನ ಭತ್ಯೆ ದೊರೆಯುತ್ತಿತ್ತು. ಸಾಕಣೆಯ ತರಬೇತಿ, ಉಳಿತಾಯದ ಅಭ್ಯಾಸ, ಆರೋಗ್ಯದ ನೆರವು ಜೊತೆಗಿದ್ದವು. ಸುಮಾರು ಎರಡು ವರ್ಷ ಕಾರ್ಯಕರ್ತರು ಮನೆ ಬಾಗಿಲಿಗೆ ನಿಯತವಾಗಿ ಭೇಟಿ ನೀಡುತ್ತಿದ್ದರು.

ಇನ್ನೊಂದು ಅಂಗವು ಪಂಚಾಯಿತಿ ಸದಸ್ಯರಿಗೆ ವಿಶೇಷವಾಗಿ ಪ್ರಸ್ತುತ. ಪ್ರತಿ ಹಳ್ಳಿಯಲ್ಲಿ ಊರಿನ ಪ್ರಮುಖರನ್ನೂ ಸೇರಿಸಿಕೊಂಡು ಒಂದು ಸಮಿತಿ ರಚಿಸಲಾಗುತ್ತಿತ್ತು. ಅದರ ಹೆಸರು ಕನ್ನಡದಲ್ಲಿಯೂ ಹಾಗೆಯೇ ಅರ್ಥವಾಗುವಂತಹದು: ಗ್ರಾಮ ದಾರಿದ್ರ್ಯ ವಿಮೋಚನ ಸಮಿತಿ. ಕೊಟ್ಟ ಹಸು ಕಳುವಾಗದಂತೆ, ಬಲಾಢ್ಯರು ಕಿತ್ತುಕೊಳ್ಳದಂತೆ, ಕಾಯಿಲೆ ಬಿದ್ದಾಗ ನೆರವು ಸಿಗುವಂತೆ, ಮಕ್ಕಳು ಶಾಲೆ ಬಿಡದಂತೆ ನೋಡಿಕೊಳ್ಳುವುದು ಅದರ ಕೆಲಸವಾಗಿತ್ತು. ಕರ್ನಾಟಕದ ಹಳ್ಳಿಗೆ ಇಂತಹ ಸಮಿತಿಯನ್ನು ಹೊಸದಾಗಿ ಹುಡುಕಬೇಕಿಲ್ಲ. ಚುನಾಯಿತ ಗ್ರಾಮ ಪಂಚಾಯಿತಿಯೇ ಇದೆ.

ಅರ್ಧ ಏರಿದ ನೀರು

ಈ ಕಾರ್ಯಕ್ರಮದ ಫಲಿತಾಂಶವನ್ನು ಬಾಂಗ್ಲಾದೇಶದ 1,309 ಹಳ್ಳಿಗಳಲ್ಲಿ, 21,000ಕ್ಕೂ ಹೆಚ್ಚು ಕುಟುಂಬಗಳಲ್ಲಿ, ಏಳು ವರ್ಷಗಳ ಕಾಲ ಅಳೆಯಲಾಯಿತು. ಕಾರ್ಯಕ್ರಮಕ್ಕೆ ಮೊದಲು ಆ ಹಳ್ಳಿಗಳ ಅತಿ ಬಡ ಮಹಿಳೆಯರು ವರ್ಷದ ಕೆಲವೇ ತಿಂಗಳು ಸಿಗುವ ಹೊಲದ ಕೂಲಿ ಮತ್ತು ಮನೆಗೆಲಸವನ್ನು ನಂಬಿದ್ದರು. ಸ್ಥಿತಿವಂತ ಮನೆಯ ಮಹಿಳೆಯರು ಜಾನುವಾರು ಸಾಕುತ್ತಿದ್ದರು. ಒಂದೇ ಊರು, ಎರಡು ಬಗೆಯ ದುಡಿಮೆ. ಹಸು ಮತ್ತು ತರಬೇತಿ ದೊರೆತ ಮೇಲೆ ಬಡ ಮಹಿಳೆಯರೂ ಆ ದುಡಿಮೆಗೆ ಸೇರಿದರು. ದುಡಿಯುವ ದಿನಗಳು ಹೆಚ್ಚಿದವು, ಆದಾಯ ಏರಿತು. ನಾಲ್ಕು ಮತ್ತು ಏಳು ವರ್ಷಗಳ ನಂತರ ನೋಡಿದಾಗ ಆಸ್ತಿಯ ಬೆಳವಣಿಗೆ ನಿಲ್ಲುವ ಬದಲು ಚುರುಕಾಗಿತ್ತು. ಸೋಮಾರಿತನದಿಂದ ಬಡತನ ಎಂಬ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಿಲ್ಲ. ಕೆಲಸ ಸಿಗದ್ದರಿಂದ ಕೈ ಖಾಲಿಯಿತ್ತೇ ಹೊರತು ಮನಸ್ಸಿಲ್ಲದ್ದರಿಂದಲ್ಲ.

ಅದೇ ಕುಟುಂಬಗಳ ಕುರಿತು 2022ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಮತ್ತೊಂದು ಮುಖ್ಯ ಸಂಗತಿಯನ್ನು ತೋರಿಸಿತು. ನೆರವು ಪಡೆದವರೆಲ್ಲರೂ ಸಮನಾಗಿ ಮೇಲೆ ಬರಲಿಲ್ಲ. ಹಸು ದೊರೆತ ಮೇಲೆ ಯಾರ ಒಟ್ಟು ಆಸ್ತಿ ಒಂದು ನಿರ್ದಿಷ್ಟ ಮಟ್ಟವನ್ನು ದಾಟಿತ್ತೋ ಅವರು ಮುಂದೆ ತಾವಾಗಿಯೇ ಬೆಳೆಯುತ್ತ ಹೋದರು. ಆ ಮಟ್ಟಕ್ಕಿಂತ ಕೆಳಗೆ ಉಳಿದವರು ಕ್ರಮೇಣ ಹಳೆಯ ಬಡತನಕ್ಕೇ ಜಾರಿದರು.

ನೀರು ಸರಬರಾಜಿನ ಕೆಲಸ ಬಲ್ಲ ಸದಸ್ಯರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಓವರ್‌ಹೆಡ್ ಟ್ಯಾಂಕಿನ ಎತ್ತರ ಹನ್ನೆರಡು ಮೀಟರ್ ಇರುವಲ್ಲಿ ಹತ್ತು ಮೀಟರ್ ಮಾತ್ರ ನೀರೆತ್ತುವ ಪಂಪನ್ನು ಕೂಡಿಸಿದರೆ ಟ್ಯಾಂಕಿಗೆ ಮುಕ್ಕಾಲು ಪಾಲು ನೀರೂ ಬರುವುದಿಲ್ಲ. ಒಂದು ಹನಿಯೂ ಬೀಳುವುದಿಲ್ಲ. ವಿದ್ಯುತ್ ಬಿಲ್ಲು ಮಾತ್ರ ಬರುತ್ತದೆ. ಬಡ ಕುಟುಂಬಕ್ಕೆ ನೀಡುವ ನೆರವಿನ ಗತಿಯೂ ಬಹಳ ಮಟ್ಟಿಗೆ ಹೀಗೆಯೇ. ಹತ್ತು ಮನೆಗಳಿಗೆ ಹಂಚಬಹುದಾದ ಮೊತ್ತವನ್ನು ಎಲ್ಲರೂ ಸಮಾಧಾನಪಡಲಿ ಎಂದು ನಲವತ್ತು ಮನೆಗಳಿಗೆ ಹಂಚಿದರೆ ನಲವತ್ತು ಮನೆಗಳಲ್ಲಿಯೂ ನೀರು ಅರ್ಧಕ್ಕೆ ಏರಿ ಹಿಂದಕ್ಕೆ ಇಳಿಯುತ್ತದೆ.

ಇತರೆಡೆಯ ಅನುಭವ

ಇದೇ ಮಾದರಿಯನ್ನು ಇಥಿಯೋಪಿಯ, ಘಾನಾ, ಹೊಂಡುರಾಸ್, ಪಾಕಿಸ್ತಾನ, ಪೆರು ಮತ್ತು ಭಾರತದಲ್ಲಿ ಪರೀಕ್ಷಿಸಿದ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ನೆರವು ನಿಂತು ಒಂದು ವರ್ಷವಾದ ಮೇಲೆಯೂ ಬಹುತೇಕ ದೇಶಗಳಲ್ಲಿ ಕುಟುಂಬಗಳ ಸ್ಥಿತಿ ಉತ್ತಮವಾಗಿಯೇ ಉಳಿದಿತ್ತು. ಭಾರತದ ಪ್ರಯೋಗ ನಡೆದದ್ದು ಪಶ್ಚಿಮ ಬಂಗಾಳದಲ್ಲಿ. ಅಲ್ಲಿ ಹತ್ತು ವರ್ಷಗಳ ನಂತರ ಮತ್ತೆ ಅಳೆದಾಗಲೂ ಪ್ರಯೋಜನ ಉಳಿದಿತ್ತು. ಮೊದಲು ಜಾನುವಾರಿನಿಂದ ಬಂದ ಆದಾಯ ಕಾಲಕ್ರಮೇಣ ಸಣ್ಣ ವ್ಯಾಪಾರಕ್ಕೂ, ದುಡಿಮೆ ಅರಸಿ ಹೊರಗೆ ಹೋಗುವ ಶಕ್ತಿಗೂ ದಾರಿ ಮಾಡಿಕೊಟ್ಟಿತ್ತು.

ಹೊಂಡುರಾಸ್ ಮಾತ್ರ ಹಿಂದುಳಿಯಿತು. ಅಲ್ಲಿ ಅನೇಕ ಕುಟುಂಬಗಳು ಆರಿಸಿಕೊಂಡದ್ದು ಕೋಳಿಗಳನ್ನು. ರೋಗ ಬಂದು ಕೋಳಿಗಳು ಸತ್ತವು. ಕೋಳಿಯೊಂದಿಗೆ ಹೂಡಿದ ಭರವಸೆಯೂ ಹೋಯಿತು. ಆಸ್ತಿಯನ್ನು ಕೊಡುವುದಷ್ಟೇ ಸಾಲದು, ಅದು ಬದುಕುಳಿಯುವ ಏರ್ಪಾಡೂ ಆಗಬೇಕು ಎಂಬುದು ಅಲ್ಲಿನ ಪಾಠ.

ಇದನ್ನು ಸರ್ಕಾರವೇ ದೊಡ್ಡ ಪ್ರಮಾಣದಲ್ಲಿ ನಡೆಸಬಲ್ಲದು ಎಂಬುದಕ್ಕೆ ಬಿಹಾರ ಉದಾಹರಣೆ. ಅಲ್ಲಿ 2016ರಲ್ಲಿ ಪಾನನಿಷೇಧ ಜಾರಿಯಾದ ಮೇಲೆ ಸಾರಾಯಿ ಮತ್ತು ಹೆಂಡದ ಮಾರಾಟವನ್ನೇ ನಂಬಿದ್ದ ಬಡ ಕುಟುಂಬಗಳ ಜೀವನೋಪಾಯ ನಿಂತುಹೋಯಿತು. 2018ರಲ್ಲಿ ರಾಜ್ಯ ಸರ್ಕಾರವು ಜೀವಿಕಾ ಸಂಸ್ಥೆಯ ಮೂಲಕ ಸತತ ಜೀವಿಕೋಪಾರ್ಜನ ಯೋಜನೆ ಆರಂಭಿಸಿ ಆ ಕುಟುಂಬಗಳನ್ನೂ ಇತರ ಅತಿ ಬಡವರನ್ನೂ ಸೇರಿಸಿಕೊಂಡಿತು. ಕಿರಾಣಿ ಅಂಗಡಿಯ ಸರಕು, ಆಡುಗಳು ಮುಂತಾದವನ್ನು ಮಹಿಳಾ ಸಂಘಗಳ ಗ್ರಾಮ ಮಟ್ಟದ ಒಕ್ಕೂಟವೇ ಖರೀದಿಸಿ ಕುಟುಂಬಕ್ಕೆ ಕೊಡುತ್ತದೆ. ಮೊದಲ ಕೆಲವು ತಿಂಗಳು ಜೀವನ ಭತ್ಯೆಯೂ ಇರುತ್ತದೆ. ಕರ್ನಾಟಕದಲ್ಲಿ ಸಂಜೀವಿನಿ ಯೋಜನೆಯಡಿ ಗ್ರಾಮ ಪಂಚಾಯಿತಿ ಮಟ್ಟದ ಮಹಿಳಾ ಒಕ್ಕೂಟಗಳು ಈಗಾಗಲೇ ಇವೆ. ಪಶು ಸಖಿಯರು, ಕೃಷಿ ಸಖಿಯರೂ ಇದ್ದಾರೆ. ಸಾಧನಗಳು ಇಲ್ಲವೆಂದಲ್ಲ, ಅವು ಒಂದೇ ಮನೆಯ ಬಾಗಿಲಲ್ಲಿ ಒಂದೇ ಕಾಲಕ್ಕೆ ಸೇರುತ್ತಿಲ್ಲ.

ಗ್ರಾಮ ಪಂಚಾಯಿತಿಯಿಂದ ಆಗಬೇಕಾದ ಕಾರ್ಯ

ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ ಪ್ರಕಾರ ಗ್ರಾಮ ಪಂಚಾಯಿತಿಯ ಉತ್ಪಾದನಾ ಸಮಿತಿಗೆ ಕೃಷಿ ಉತ್ಪಾದನೆ, ಪಶುಸಂಗೋಪನೆ, ಗ್ರಾಮೀಣ ಕೈಗಾರಿಕೆ ಮತ್ತು ಬಡತನ ನಿವಾರಣಾ ಕಾರ್ಯಕ್ರಮಗಳನ್ನು ವಹಿಸಲಾಗಿದೆ. ಈ ಸಮಿತಿಯನ್ನು ಸಕ್ರಿಯಗೊಳಿಸಿದರೆ ಕೆಳಗಿನ ಕೆಲಸಗಳಿಗೆ ಹೊಸ ಅನುದಾನಕ್ಕಾಗಿ ಕಾಯಬೇಕಾಗಿಲ್ಲ.

ಒಂದು, ಆಯ್ಕೆ. ವಾರ್ಡ್ ಸಭೆಯಲ್ಲಿ ಪ್ರತಿ ಮನೆಯ ಸ್ಥಿತಿಯನ್ನು ಊರಿನವರ ಮುಂದೆಯೇ ಓದಿ ಕ್ರಮಾಂಕ ನೀಡಬೇಕು. ಸಭೆಗೆ ಬಾರದ ಮನೆಯೇ ಹಲವು ಸಲ ಅತಿ ಬಡ ಮನೆಯಾಗಿರುತ್ತದೆ. ಆ ದಿನದ ಕೂಲಿ ತಪ್ಪಿಸಿಕೊಳ್ಳಲು ಅವರಿಗಾಗದು. ಆದ್ದರಿಂದ ಅರ್ಜಿ ಹಾಕಿದವರ ಪಟ್ಟಿಯಷ್ಟೇ ಸಾಲದು, ಅರ್ಜಿ ಹಾಕದವರ ಪಟ್ಟಿಯನ್ನೂ ಸದಸ್ಯರು ನೋಡಬೇಕು.

ಎರಡು, ಜೋಡಣೆ. ಹಸು ಒಂದು ಇಲಾಖೆಯಿಂದ, ಕೊಟ್ಟಿಗೆ ಉದ್ಯೋಗ ಖಾತರಿಯಿಂದ, ವಿಮೆ ಮತ್ತು ಲಸಿಕೆ ಪಶು ಆಸ್ಪತ್ರೆಯಿಂದ, ಸಾಲ ಒಕ್ಕೂಟದಿಂದ ಬರುತ್ತವೆ. ಇವು ನಾಲ್ಕು ಬೇರೆ ಮನೆಗಳಿಗೆ ಹೋದರೆ ನಾಲ್ಕು ಅರೆ ಕೆಲಸಗಳಾಗುತ್ತವೆ. ಒಂದೇ ಮನೆಗೆ ಸೇರಿದರೆ ಒಂದು ಮನೆ ದಡ ಸೇರುತ್ತದೆ. 'ನಮ್ಮ ಗ್ರಾಮ ನಮ್ಮ ಯೋಜನೆ' ಸಿದ್ಧಪಡಿಸುವಾಗಲೇ ಈ ಜೋಡಣೆಯನ್ನು ಹೆಸರುಸಹಿತ ಬರೆದಿಡುವುದು ಸೂಕ್ತ.

ಮೂರು, ಮಾರುಕಟ್ಟೆ. ಒಂದೇ ಊರಿಗೆ ಇಪ್ಪತ್ತು ಹೊಲಿಗೆ ಯಂತ್ರ ಕೊಟ್ಟರೆ ಹೊಲಿಯಲು ಬಟ್ಟೆ ಎಲ್ಲಿಂದ ಬರಬೇಕು? ಕೊಡುವ ಮುಂಚೆ ಕೊಳ್ಳುವವರು ಯಾರು ಎಂದು ಕೇಳಬೇಕು. ಹಾಲಿಗೆ ಡೇರಿ ಇದೆ, ದಿನವೂ ಅಳೆದು ಕೊಳ್ಳುತ್ತದೆ. ಹಸು ಸಾಕಣೆ ಕರ್ನಾಟಕದ ಅನೇಕ ಊರುಗಳಲ್ಲಿ ಕೈಹಿಡಿದಿರುವುದಕ್ಕೆ ಅದೇ ಮುಖ್ಯ ಕಾರಣ. ಉಳಿದ ಸರಕುಗಳಿಗೆ ಸಂತೆಯೇ ಮಾರುಕಟ್ಟೆ. ಸಂತೆ ಮೈದಾನದಲ್ಲಿ ನೆರಳು, ಕುಡಿಯುವ ನೀರು, ಮಹಿಳೆಯರಿಗೆ ಶೌಚಾಲಯ ಕಲ್ಪಿಸುವುದು, ಪಂಚಾಯಿತಿಯ ಮಳಿಗೆಗಳ ಹರಾಜಿನಲ್ಲಿ ಸ್ವಸಹಾಯ ಸಂಘಗಳಿಗೆ ನಿಯಮಾನುಸಾರ ಅವಕಾಶ ಮಾಡಿಕೊಡುವುದು ಪಂಚಾಯಿತಿಯ ಕೈಯಲ್ಲಿಯೇ ಇದೆ.

ನಾಲ್ಕು, ಕಾಗದಪತ್ರ. ಹಪ್ಪಳ, ಉಪ್ಪಿನಕಾಯಿ, ರೊಟ್ಟಿ ಮಾರುವ ಮಹಿಳೆಗೆ ಆಹಾರ ಸುರಕ್ಷತಾ ನೋಂದಣಿ ಬೇಕು. ಉದ್ಯಮ್ ನೋಂದಣಿ 2020ರಿಂದ ಸಂಪೂರ್ಣ ಉಚಿತ. ಇದನ್ನು ತಿಳಿಯದವರು ಮಧ್ಯವರ್ತಿಗಳಿಗೆ ಹಣ ತೆರುತ್ತಾರೆ. ಇದು ಉಚಿತವೆಂದು ಪಂಚಾಯಿತಿಯ ಸೂಚನಾ ಫಲಕದಲ್ಲಿ ಎರಡು ಸಾಲು ಬರೆಸಿದರೂ ಉಪಕಾರವಾಗುತ್ತದೆ. ಏಳು ಮಂದಿ ಮಹಿಳೆಯರು 1959ರಲ್ಲಿ ಮುಂಬಯಿಯ ಒಂದು ಮಾಳಿಗೆಯ ಮೇಲೆ 80 ರೂ. ಸಾಲದ ಹಣದಿಂದ ಹಪ್ಪಳ ಒತ್ತಲು ಆರಂಭಿಸಿದ್ದೇ ಮುಂದೆ ಲಿಜ್ಜತ್ ಪಾಪಡ್ ಆಯಿತು. ಅವರ ಮೊತ್ತ ಸಣ್ಣದಿತ್ತು. ಕೊಳ್ಳುವ ಅಂಗಡಿ, ಬಿಡದ ಗುಣಮಟ್ಟ, ಒಗ್ಗಟ್ಟು ಮೂರೂ ಇದ್ದವು.

ಐದು, ಭೇಟಿ. ನೆರವು ಪಡೆದ ಪ್ರತಿ ಮನೆಗೆ ಆಯಾ ವಾರ್ಡಿನ ಸದಸ್ಯರು ತಿಂಗಳಿಗೊಮ್ಮೆ ಹೋಗಿ ಮೂರು ಪ್ರಶ್ನೆ ಕೇಳಿದರೆ ಸಾಕು. ಹಸು ಹೇಗಿದೆ? ಕಳೆದ ತಿಂಗಳು ಕೈಗೆ ಎಷ್ಟು ಬಂತು? ಯಾರಿಗಾದರೂ ಹೊಸ ಸಾಲ ಕೊಡಬೇಕಾಗಿದೆಯೇ? ಮೂರನೆಯ ಪ್ರಶ್ನೆಯ ಉತ್ತರ 'ಹೌದು' ಎಂದಾದರೆ ಅಂದೇ ಒಕ್ಕೂಟಕ್ಕೆ ತಿಳಿಸಬೇಕು. ಕಿರುಕುಳದ ಸುಳಿವಿದ್ದರೆ ಪೊಲೀಸ್ ಠಾಣೆಗೂ ತಿಳಿಸಬೇಕು. ಮನೆಗೆ ಬೀಗ ಬಿದ್ದ ಮೇಲೆ ಹೋಗಿ ಪ್ರಯೋಜನವಿಲ್ಲ.

ಎಲ್ಲರೂ ಉದ್ಯಮಿಗಳಾಗಬೇಕಿಲ್ಲ

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆಯ ಮಾತೂ ಅಗತ್ಯ. ವೃದ್ಧರಿಗೆ, ತೀವ್ರ ಅಂಗವೈಕಲ್ಯವುಳ್ಳವರಿಗೆ, ದೀರ್ಘ ರೋಗಿಗಳಿಗೆ ಉದ್ಯಮದ ಭಾರ ಹೊರಿಸುವುದು ನ್ಯಾಯವಲ್ಲ. ಅವರಿಗೆ ಸಕಾಲದಲ್ಲಿ ಪಿಂಚಣಿ, ಪಡಿತರ ಮುಟ್ಟಬೇಕು. ಅನೇಕ ಯುವಕ ಯುವತಿಯರಿಗೆ ಬೇಕಿರುವುದು ತಿಂಗಳ ಸಂಬಳದ ಕೆಲಸವೇ ಹೊರತು ಅಂಗಡಿಯಲ್ಲ. ಅದನ್ನು ಅಪೇಕ್ಷಿಸುವುದು ಕುಂದಲ್ಲ. ಚಿಕ್ಕ ಮಕ್ಕಳಿರುವ ತಾಯಿಗೆ ಉದ್ಯಮಕ್ಕಿಂತ ಮೊದಲು ಬೇಕಾದದ್ದು ಮಗುವನ್ನು ಬಿಡಲು ಕೂಸಿನ ಮನೆ, ನೀರಿಗಾಗಿ ಕಾಯಬೇಕಿಲ್ಲದ ನಲ್ಲಿ. ಉದ್ಯಮವು ಬಡತನದಿಂದ ಹೊರಬರುವ ದಾರಿಗಳಲ್ಲಿ ಒಂದು. ಆ ದಾರಿ ಹಿಡಿದವರು ಅರ್ಧದಲ್ಲಿ ಬೀಳದಂತೆ ನೋಡಿಕೊಳ್ಳುವುದು ಸ್ಥಳೀಯ ಸರ್ಕಾರದ ಕರ್ತವ್ಯ.

ಮುಂದಿನ ಗ್ರಾಮ ಸಭೆಯಲ್ಲಿ ಹೊಸ ಫಲಾನುಭವಿಗಳ ಪಟ್ಟಿ ತೆರೆಯುವ ಮೊದಲು ಎರಡು ವರ್ಷ ಹಿಂದಿನ ಪಟ್ಟಿಯನ್ನು ಒಮ್ಮೆ ಗಟ್ಟಿಯಾಗಿ ಓದಿಸಬೇಕೆಂದು ಸದಸ್ಯರಲ್ಲಿ ವಿನಂತಿ. ಪ್ರತಿ ಹೆಸರಿನ ಎದುರು ಒಂದೇ ಮಾತು ಬರೆಯಬೇಕು: ಕೊಟ್ಟದ್ದು ಉಳಿದಿದೆ ಅಥವಾ ಉಳಿದಿಲ್ಲ. ಉಳಿದಿಲ್ಲ ಎಂದಾದಲ್ಲಿ ಏಕೆ ಎಂದು ಆ ಮನೆಯವರನ್ನೇ ಕೇಳಬೇಕು. ಹೊಸ ಪಟ್ಟಿಯನ್ನು ಹೇಗೆ ಮಾಡಬೇಕೆಂಬುದನ್ನು ಅವರ ಉತ್ತರವೇ ತಿಳಿಸುತ್ತದೆ.